ಮರೆಸೆಂದು ಬೇಡಿದ ಭಾಷೆ

ನಂಜುಂಡೇಶ್ವರನನ್ನು ನಂಬಿದ ಬಂಧುಗಳೇ, ನನ್ನ ಅಣ್ಣ ಸಿದ್ದರಾಜುವಿನ ಬಲಗೈಯ ನಾಲ್ಕು ಬೆರಳು ಹೋದದ್ದು ನನ್ನ ಸೋಮಾರಿತನದಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ಕೈ ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮೂರು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಅಣ್ಣ ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ನಡೆಸುತ್ತಿದ್ದ. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತ, ಸಂಜೆ ಜರ್ಮನ್ ಡಿಪ್ಲೊಮಾ ತರಗತಿಗೆ ಹೋಗುತ್ತಿದ್ದೆ. ಆ ಭಾಷೆ ಬಂದರೆ ಒಳ್ಳೆಯ ಕೆಲಸ ಸಿಗುತ್ತದೆಂದು ಮೇಡಂ ಹೇಳಿದ್ದರು. ಅದು ಯಾವ ದೇಶದ ಮಾತೆಂದು ಅವ್ವನಿಗೆ ಗೊತ್ತಿರಲಿಲ್ಲ. ಅಣ್ಣ ಮಾತ್ರ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದ.

ನಾನು ಊರಿಗೆ ಬಂದಿದ್ದ ಒಂದು ಭಾನುವಾರ ಅವನು ಜೇಬಿನಿಂದ ಒಂದು ಹಾಳೆ ತೆಗೆದ. ಜರ್ಮನಿಯಿಂದ ಹೊಸದಾಗಿ ಬಂದಿದ್ದ ಕತ್ತರಿಸುವ ಮೆಷಿನ್ನಿನ ಮೇಲೆ ಹಳದಿ ಪಟ್ಟಿ ಇತ್ತಂತೆ. ಅದರ ಅಕ್ಷರಗಳನ್ನು ಒಂದೊಂದಾಗಿ ಚಿತ್ರ ಬಿಡಿಸಿದ ಹಾಗೆ ಬರೆದುಕೊಂಡು ಬಂದಿದ್ದ.

“ಮಾದೇವಿ, ಇದ್ರಾಗೆ ಏನ್ ಬರ್ದವ್ರೆ ನೋಡವ್ವ. ಅಲ್ಲಿ ಯಾರ್ಗೂ ತಿಳೀತಿಲ್ಲ.”

“ಪರೀಕ್ಷೆ ಮುಗೀಲಿ ಅಣ್ಣ, ಓದಿ ಹೇಳ್ತೀನಿ” ಎಂದು ಪುಸ್ತಕದೊಳಗೆ ಇಟ್ಟುಕೊಂಡೆ. ಅದು ಎರಡು ನಿಮಿಷದ ಕೆಲಸ.

ಮುಂದಿನ ವಾರವೇ ಹಾಸ್ಟೆಲಿಗೆ ಫೋನ್ ಬಂತು. ದೊಡ್ಡಾಸ್ಪತ್ರೆಗೆ ಓಡಿದೆ. ಅಣ್ಣನ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ಸ್ವಿಚ್ ಆರ್ಸೇ ಕೈ ಆಕ್ದೆ ಕಣ್ರೀ. ಆರ್ಸಿದ್ದೆ.”

ಹಾಸ್ಟೆಲಿಗೆ ಬಂದು ಹಾಳೆ ಬಿಡಿಸಿದೆ. ‘ಸ್ವಿಚ್ ಆರಿಸಿದ ಮೇಲೂ ಬ್ಲೇಡು ತಿರುಗುತ್ತಿರುತ್ತದೆ. ಪೂರ್ತಿ ನಿಲ್ಲುವವರೆಗೆ ಕಾಯಿರಿ.’ ಏಳನೇ ಕ್ಲಾಸು ಓದಿದ ನನ್ನಣ್ಣ ಒಂದಕ್ಷರವೂ ತಪ್ಪಿಲ್ಲದೆ ಬರೆದಿದ್ದ.

ಯಾರಿಗೂ ಹೇಳಲಿಲ್ಲ. ಡಿಪ್ಲೊಮಾ ಬಿಟ್ಟು, ಬಿ.ಎ. ಹೇಗೋ ಮುಗಿಸಿ ಊರಿಗೆ ಬಂದು, ನರಸೀಪುರದ ಒಂದು ಎಸ್‌ಟಿಡಿ ಬೂತಿನಲ್ಲಿ ಕೂತೆ. ಆದರೆ ಕಲಿತ ಭಾಷೆ ನನ್ನನ್ನು ಬಿಡಲಿಲ್ಲ. ‘ಕಾಯಿರಿ’ ಎಂಬುದಕ್ಕೆ ಅವರಲ್ಲಿ ‘ವಾರ್ಟನ್’ ಎನ್ನುತ್ತಾರೆ. ಬಸ್ಸು ಬ್ರೇಕ್ ಹಾಕಿದರೆ ಕಿವಿಯಲ್ಲಿ ಆ ಮಾತು. ಬಾವಿಯ ರಾಟೆ ತಿರುಗಿದರೆ ಆ ಮಾತು. ಒಮ್ಮೆ ಹಿಟ್ಟಿನ ಗಿರಣಿಯಲ್ಲಿ ಸ್ವಿಚ್ ಆರಿಸಿದ ಮೇಲೂ ಬೆಲ್ಟು ತಿರುಗುತ್ತಲೇ ಇತ್ತು. ಗಿರಣಿಯವನು ಅತ್ತ ಕೈ ಚಾಚಿದ. ನಾನು ಕಿರುಚಿ, ರಾಗಿ ಹಿಟ್ಟನ್ನು ಅಲ್ಲೇ ಬಿಟ್ಟು ಓಡಿಬಂದೆ.

ಅಣ್ಣ ಆ ಹಾಳೆಯ ಬಗ್ಗೆ ಯಾವತ್ತೂ ಕೇಳಲಿಲ್ಲ. ಮರೆತಿದ್ದನೋ, ಮರೆತವನಂತೆ ಇದ್ದನೋ. ಕಾರ್ಖಾನೆಯವರು ಅವನನ್ನು ಗೇಟಿನ ಕೆಲಸಕ್ಕೆ ಹಾಕಿದ್ದರು. ಅವನು ಎಡಗೈಯಲ್ಲಿ ಅನ್ನ ಕಲಸುವಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಪ್ರತಿ ಸೋಮವಾರ ನಂಜನಗೂಡಿಗೆ ಹೋಗತೊಡಗಿದೆ. ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ ಉರುಳು ಸೇವೆ ಮಾಡಿ, ಒಂದೇ ಬೇಡಿಕೆ: “ಅಪ್ಪಾ, ಈ ಭಾಷೆಯನ್ನು ನನ್ನ ತಲೆಯಿಂದ ಅಳಿಸಿಬಿಡು.” ಎರಡು ವರ್ಷ ಬೇಡಿದೆ. ಒಂದು ಪದವೂ ಮರೆಯಲಿಲ್ಲ. ದೇವರಿಗೆ ಕಿವಿಯಿಲ್ಲವೆಂದು ಬೈದದ್ದೂ ಉಂಟು.

ಒಂದು ಕಾರ್ತಿಕ ಸೋಮವಾರ ಅಣ್ಣನೂ ಜೊತೆಗೆ ಬಂದ. ದರ್ಶನ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಹೇಳಿದ: “ಇನ್ನೊಂದ್ ಮೆಷಿನ್ ಬಂದದೆ. ಕೂರ್ಸಕ್ಕೆ ಜರ್ಮನಿಯಿಂದ ಒಬ್ಬ ಮುದ್ಕ ಬಂದವ್ನೆ. ಇಂಗ್ಲೀಷೂ ಬರಾಕಿಲ್ಲ ಅವ್ನ್ಗೆ. ಮ್ಯಾನೇಜರ್ ಸಾಹೇಬ್ರಿಗೆ ನಿನ್ ಎಸ್ರು ಯೋಳ್ಬುಟ್ಟೆ. ನಾಳಿಕ್ ಬಾ.”

ನನಗೆ ತಡೆಯಲಾಗಲಿಲ್ಲ. “ಅಣ್ಣ, ಆ ಹಾಳೆ...” ಎಂದು ಶುರುಮಾಡಿ ಎಲ್ಲ ಹೇಳಿಬಿಟ್ಟೆ. ಅವನು ಹೊಳೆ ನೋಡುತ್ತ ಕೂತಿದ್ದ. ನರಸೀಪುರಕ್ಕೆ ಬಸ್ಸು, ಅಲ್ಲಿಂದ ಹೆಮ್ಮಿಗೆಗೆ ಇನ್ನೊಂದು ಬಸ್ಸು. ಮನೆ ಮುಟ್ಟಿದರೂ ಅವನು ಬಾಯಿ ಬಿಡಲಿಲ್ಲ. ಅಣ್ಣನೂ ನನಗೆ ದೂರವಾದ ಎಂದುಕೊಂಡೆ.

ಬೆಳಗ್ಗೆ ಅವನು ಬಾಗಿಲಲ್ಲಿ ನಿಂತಿದ್ದ. “ಯಾಕ್ ಕುಂತಿದ್ದೀಯೆ? ಏಳು, ಬಸ್ ಬತ್ತದೆ. ನನ್ ಕೈಯಂತೂ ಓಯ್ತು. ಅಲ್ಲಿ ಗೇಯೋ ಐಕ್ಳ ಕೈಯಾದ್ರೂ ಉಳ್ಕಳ್ಲಿ.”

ಕಾರ್ಖಾನೆಯಲ್ಲಿ ಆ ಮುದುಕ ಮೆಕ್ಯಾನಿಕ್ ನನ್ನ ಕಡೆ ತಿರುಗಿ ಏನೋ ಕೇಳಿದ. ಪೂರ್ತಿ ಅರ್ಥವಾಯಿತು, ಆದರೆ ಗಂಟಲು ಕಟ್ಟಿತು. ಕೆಲಸಗಾರರೆಲ್ಲ ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಕಣ್ಣು ಮುಚ್ಚಿ, ‘ವಿಷವನ್ನೇ ಗಂಟಲಲ್ಲಿ ತಡೆದವನೇ, ನನ್ನ ಗಂಟಲು ಬಿಡಿಸು’ ಎಂದೆ. ಎದೆಯೊಳಗೆ ಏನೋ ಸಡಿಲವಾಯಿತು. ಬಂದ ದನಿ ನನ್ನದೇ ಎಂದು ನನಗೆ ನಂಬಿಕೆಯಾಗಲಿಲ್ಲ. ಅಂದು ಸಂಜೆಯವರೆಗೆ ಅವನು ಹೇಳಿದ್ದನ್ನು ಕನ್ನಡಕ್ಕೆ, ಇವರು ಕೇಳಿದ್ದನ್ನು ಜರ್ಮನ್ನಿಗೆ ಮಾಡಿದೆ.

ಹೊರಡುವ ಮುನ್ನ ನಾನೇ ಹೋಗಿ ಹಳೆಯ ಮೆಷಿನ್ನಿನ ಮುಂದೆ ನಿಂತೆ. ಅದೇ ಹಳದಿ ಪಟ್ಟಿ. ಎಲ್ಲರನ್ನೂ ಕರೆದು ಕನ್ನಡದಲ್ಲಿ ಮೂರು ಸಲ ಗಟ್ಟಿಯಾಗಿ ಓದಿದೆ. ಅಣ್ಣ ಹಿಂದುಗಡೆ ನಿಂತು ಕೇಳುತ್ತಿದ್ದ.

ಮೆಷಿನ್ನುಗಳ ಪುಸ್ತಕಗಳನ್ನೆಲ್ಲ ಕನ್ನಡಕ್ಕೆ ತರುವ ಕೆಲಸವನ್ನು ಕಾರ್ಖಾನೆಯವರು ನನಗೇ ಕೊಟ್ಟರು. ಬಿಟ್ಟ ಡಿಪ್ಲೊಮಾ ಮುಗಿಸಿದೆ. ಮುಂದಿನ ವರ್ಷಗಳಲ್ಲಿ ತಾಂಡ್ಯದ ಬೇರೆ ಕಾರ್ಖಾನೆಗಳಿಂದಲೂ ಕರೆ ಬಂತು. ಈಗ ಇದೇ ನನ್ನ ಅನ್ನ. ಎಚ್ಚರಿಕೆಯ ಸಾಲುಗಳನ್ನು ನಾನು ಮೊದಲು ಮಾಡುತ್ತೇನೆ, ಮಿಕ್ಕದ್ದು ಆಮೇಲೆ.

ಆ ಮಾತು ಇವತ್ತಿಗೂ ಕಿವಿಯಲ್ಲಿ ಕೇಳಿಸುತ್ತದೆ. ಕೇಳಿಸದಿರಲಿ ಎಂದು ಈಗ ಬೇಡುವುದಿಲ್ಲ. ನಾನು ಬೇಡಿದ್ದನ್ನು ಕೊಡದೆ ನನ್ನನ್ನು ಉಳಿಸಿದ ಸ್ವಾಮಿಗೆ ಅಡ್ಡಬಿದ್ದಿದ್ದೇನೆ. ಅಣ್ಣ ಕ್ಷಮಿಸಿದೆನೆಂದು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ. ಅದನ್ನು ಶ್ರೀಕಂಠನಿಗೇ ಬಿಟ್ಟಿದ್ದೇನೆ. ಸೋಮವಾರ ಬಂದರೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ಕಿಟಕಿ ಪಕ್ಕದ ಸೀಟನ್ನು ಅವನು ನನಗೇ ಬಿಡುತ್ತಾನೆ.