ಟಾಕೀಸ್ ಅತ್ತೆ ಮತ್ತು ಹಾರುವ ಮನುಷ್ಯ

ನಮ್ಮ ಸೋದರತ್ತೆಯ ಕೈಗಳು ಮೊಣಕೈವರೆಗೂ ಸದಾ ಬೆಳ್ಳಗಿರುತ್ತಿದ್ದವು. ಅದು ಮೈದಾಹಿಟ್ಟಿನ ಅಂಟು. ಬೆಳಿಗ್ಗೆ ಎದ್ದವಳೇ ಹಳೆಯ ಎಣ್ಣೆಡಬ್ಬಿಯಲ್ಲಿ ಅಂಟು ಕುದಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗೈಯಿಂದಲೇ ಗೋಡೆಗೆ ಬಳಿದು ಸಿನಿಮಾದ ಪೋಸ್ಟರ್ ಹಚ್ಚುತ್ತಿದ್ದಳು. ಅದು ಒಣಗಿ ಬಿರಿದು, ಆಕೆ ಕೈ ಆಡಿಸಿದಾಗೆಲ್ಲ ಬಿಳಿ ಚಕ್ಕೆಗಳು ಉದುರುತ್ತಿದ್ದವು. ನನ್ನ ಮದುವೆಯ ಫೋಟೋದಲ್ಲೂ, ಜರಿ ಸೀರೆ ಉಟ್ಟು ನಿಂತ ಆಕೆಯ ಒಂದು ಮೊಣಕೈ ಬೆಳ್ಳಗೇ ಇದೆ.

ಅತ್ತೆ ಮತ್ತು ಮಾಮಾ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ಮನೆ ಭಾಲ್ಕಿಯಲ್ಲಿ. ತಂಬು ಮಾತ್ರ ಭಾಲ್ಕಿ, ಔರಾದ, ಸಂತಪುರ, ಜನವಾಡ ಎಂದು ಸುತ್ತುತ್ತಿತ್ತು. ಮಾಮಾ ಮಶೀನಿನ ಮನುಷ್ಯ. ಸಿನಿಮಾ ಓಡುವಷ್ಟು ಹೊತ್ತು ಮಶೀನಿನ ಮಗ್ಗುಲಲ್ಲಿ ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಉಳಿದಿದ್ದೆಲ್ಲ ಅತ್ತೆಯದು. ಪೋಸ್ಟರ್ ಆಕೆಯದು, ಟಿಕೀಟು ಆಕೆಯದು, ಆಟೋದಲ್ಲಿ ಮೈಕು ಹಿಡಿದು ಊರೆಲ್ಲ ಕೂಗುವುದೂ ಆಕೆಯದೇ. ರೀಲು ಹರಿದು ಪರದೆ ಬೆಳ್ಳಗಾದರೆ, ಮಾಮಾ ಅದನ್ನು ಅಂಟಿಸುವ ತನಕ ಮುಂದಿನ ಕಥೆಯನ್ನು ತಾನೇ ಹೇಳಿ ಮಂದಿಯನ್ನು ಕೂರಿಸುತ್ತಿದ್ದಳು. ಆಕೆ ಹೇಳಿದ ಕಥೆಯೇ ಚಲೋ ಇತ್ತು, ಸಿನಿಮಾದವರು ಕೆಡಿಸಿದರು ಎಂದು ಜಗಳ ತೆಗೆದವರೂ ಇದ್ದರು.

ಯಾವ ಸಿನಿಮಾ ಎಲ್ಲಿ ಓಡುತ್ತದೆ, ಎಲ್ಲಿ ಬೀಳುತ್ತದೆ ಎಂಬುದರ ಬಗ್ಗೆ ಅತ್ತೆಗೆ ನೂರೆಂಟು ಲೆಕ್ಕಾಚಾರಗಳಿದ್ದವು. ಹಾವಿನ ಸಿನಿಮಾ ಜನವಾಡದಲ್ಲಿ ಓಡುತ್ತದೆ, ಭಾಲ್ಕಿಯಲ್ಲಿ ಓಡುವುದಿಲ್ಲ. ಅತ್ತೆ-ಸೊಸೆ ಜಗಳದ ಸಿನಿಮಾಕ್ಕೆ ಸಂತಪುರದಲ್ಲಿ ಗಂಡಸರೇ ಹೆಚ್ಚು. ಹಸಿರು ಬಣ್ಣದ ಪೋಸ್ಟರ್ ಔರಾದಕ್ಕೆ ಆಗಿಬರುವುದಿಲ್ಲ. ಅರ್ಧದಷ್ಟು ಸುಳ್ಳಾಗುತ್ತಿದ್ದವು. ಸುಳ್ಳಾದಾಗ ಆಕೆಗೆ ಬೇಜಾರೇನೂ ಇರುತ್ತಿರಲಿಲ್ಲ. "ಮಂದಿ ಬದಲಾಗ್ಯಾರ" ಎಂದು ನಕ್ಕು ಮರುದಿನ ಹೊಸದೊಂದು ಲೆಕ್ಕಾಚಾರ ತೆಗೆಯುತ್ತಿದ್ದಳು.

ನಾನಾಗ ಬೀದರದಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಮನೆ ಚಿದ್ರಿಯಲ್ಲಿ. ರಜೆ ಬಂದರೆ ಅತ್ತೆಯ ತಂಬು ಎಲ್ಲಿದೆಯೋ ಅಲ್ಲಿಗೆ ಬಸ್ಸು ಹತ್ತುತ್ತಿದ್ದೆ. ಮಳೆ ಎರಡನೇ ವರ್ಷವೂ ಕೈಕೊಟ್ಟಿತ್ತು. ಔರಾದ ಕಡೆಯ ಊರುಗಳಲ್ಲಿ ದುಡಿಯುವ ವಯಸ್ಸಿನವರೆಲ್ಲ ಪುಣೆ, ಮುಂಬಯಿ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರು. ಊರಲ್ಲಿ ಉಳಿದವರು ಮುದುಕರು, ತಾಯಂದಿರು, ಕೂಸುಗಳು, ಕುರಿಗಳು. ಬೇರೆ ಟಾಕೀಸಿನವರು ಹುಳ ಹಿಡಿಯದಿರಲಿ ಎಂದು ಅಂಟಿಗೆ ಮೈಲುತುತ್ತದ ವಿಷ ಬೆರೆಸುತ್ತಿದ್ದರು. ಅತ್ತೆ ಆ ವರ್ಷ ಅದನ್ನು ಬಿಟ್ಟುಬಿಟ್ಟಳು. ಮೇವಿಲ್ಲದ ಆಡುಗಳು ಗೋಡೆಯ ಪೋಸ್ಟರನ್ನು ಅಂಟಿನ ಸಮೇತ ಕಿತ್ತು ತಿನ್ನುತ್ತಿದ್ದವು. "ತಿನ್ಲಿ ಬಿಡು, ಪೋಸ್ಟರ್ ಮತ್ತ ಹಚ್ಚತೇನಿ" ಎನ್ನುತ್ತಿದ್ದಳು. ಪೋಸ್ಟರನ್ನೇನೋ ಮತ್ತೆ ಹಚ್ಚಬಹುದಿತ್ತು, ಆದರೆ ತಂಬು ಅರ್ಧ ಖಾಲಿ ಇರುತ್ತಿತ್ತು. ಮಾಮಾನ ತಮ್ಮ ಪುಣೆಯಲ್ಲಿ ವಾಚ್‌ಮನ್ ಆಗಿದ್ದ. ತಂಬು ಮಾರಿ ನೀವೂ ಬಂದುಬಿಡಿ ಎಂದು ಅವನು ಹೇಳಿಕಳಿಸಿದ್ದ. ಮಾಮಾನಿಗೆ ಮನಸ್ಸಿತ್ತು. ಅತ್ತೆಗೆ ಇರಲಿಲ್ಲ.

"ಇನ್ನೊಂದು ಸಿನಿಮಾ ನೋಡೂಣ್ರಿ. ಅದೂ ಓಡಲಿಲ್ಲಂದ್ರ ನಡೀರಿ ಪುಣೆಗಿ" ಎಂದು ಆಕೆ ಮಾತು ಕೊಟ್ಟಳು.

ಆ ಇನ್ನೊಂದು ಸಿನಿಮಾದ ಸುದ್ದಿ ಹೇಳಿದವಳು ನಾನು. ಹಿಂದಿಗೆ ಡಬ್ ಆದ ಪರದೇಶದ ಸಿನಿಮಾ. ಹಗಲು ಗಡಿಯಾರ ರಿಪೇರಿ ಮಾಡುವ ಒಬ್ಬ ಬಡಪಾಯಿ, ಸಂಜೆಯಾದರೆ ಹಸಿರು ಬಟ್ಟೆ, ಮುಖವಾಡ ಹಾಕಿಕೊಂಡು ಹಾರುತ್ತಾನೆ. ಆಕಾಶದಿಂದ ಇಳಿದ ಕಬ್ಬಿಣದ ರಾಕ್ಷಸನ ಜೊತೆ ಹೊಡೆದಾಡಿ ಊರನ್ನು ಉಳಿಸುತ್ತಾನೆ. ಬೀದರದ ಥಿಯೇಟರಿನಲ್ಲಿ ನಮ್ಮ ಕಾಲೇಜಿನ ಅರ್ಧ ಮಂದಿ ಅದನ್ನು ಮತ್ತೆ ಮತ್ತೆ ನೋಡಿದ್ದರು. ಅತ್ತೆಯನ್ನೂ ಕರೆದುಕೊಂಡು ಹೋದೆ. ರಾಕ್ಷಸನೂ ಹಾರುವವನೂ ಹೊಡೆದಾಡುತ್ತ ಮುಗಿಲೆತ್ತರದ ಕಟ್ಟಡಗಳನ್ನು ಒಂದರ ಮೇಲೊಂದು ಕೆಡವಿದಾಗ ಥಿಯೇಟರು ಎದ್ದು ನಿಂತಿತು. ಅತ್ತೆ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸೀಟಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು.

"ಪೋರಿ, ಇದು ಔರಾದದಾಗ ಓಡ್ತದ ನೋಡು" ಎಂದಳು. ಪೋಸ್ಟರ್ ಹಸಿರೇ ಅದ ಅತ್ತಿ ಎಂದು ನಾನು ನೆನಪಿಸಿದೆ. "ಮುಖವಾಡ ಕರೇದು ಅದ. ನಡೀತದ."

ಔರಾದದಲ್ಲಿ ಮೊದಲ ದಿನ ತಂಬು ತುಂಬಿತು. "ಹಾರ್ತಾನ್ರಿ, ರೆಕ್ಕಿ ಇಲ್ದೆ ಹಾರ್ತಾನ" ಎಂದು ಅತ್ತೆ ಸಂತಪುರದ ತನಕ ಮೈಕಿನಲ್ಲಿ ಕೂಗಿ ಬಂದಿದ್ದಳು. ಅವನು ಹಾರಿದಾಗ ಮಂದಿ ಹೋ ಎಂದರು. ಕಟ್ಟಡಗಳು ಬೀಳತೊಡಗಿದವು. ಒಂದು ಸೀಟಿ ಇಲ್ಲ, ಚಪ್ಪಾಳೆ ಇಲ್ಲ. ಹೆಂಗಸರ ಕಡೆಯಿಂದ ಕೆಲವರು ಎದ್ದು ಹೊರಗೆ ಹೋದರು. ಮರುದಿನ ಅರ್ಧ ಮಂದಿ ಬರಲಿಲ್ಲ. ಅದರ ಮರುದಿನ ತಂಬಿನಲ್ಲಿ ಗಾಳಿಯೇ ಹೆಚ್ಚು.

ಅತ್ತೆ ಮೊದಲು ಪೋಸ್ಟರಿನ ಬಣ್ಣವನ್ನು ಬೈದಳು. ಆಮೇಲೆ ಮಶೀನಿನ ಬೆಳಕು ಮಂದ ಎಂದು ಮಾಮಾನ ಮೇಲೆ ಹರಿಹಾಯ್ದಳು. ಹಿಂದಿ ತಿಳಿಯಲಿಲ್ಲವೇನೋ ಎಂದಳು. ಆ ಸೀಮೆಯಲ್ಲಿ ಹಿಂದಿ ತಿಳಿಯದವರು ಯಾರೂ ಇಲ್ಲ, ಅದು ಆಕೆಗೂ ಗೊತ್ತಿತ್ತು. ಮಾಮಾ ಬೀಡಿಯನ್ನು ಬಾಯಿಂದ ತೆಗೆದು, "ಹಗ್ಗ ಬಿಚ್ಚಲೇನು?" ಎಂದು ಕೇಳಿದ.

"ಒಂದು ದಿನ ತಡೀರಿ. ಕೇಳ್ಕೊಂಡು ಬರ್ತೇನಿ."

ಸಂತಪುರದಲ್ಲಿ ಒಬ್ಬ ಕುರಿ ಕಾಯುವ ಮುದುಕಿ ಇದ್ದಳು. ಅತ್ತೆಯ ತಂಬಿಗೆ ಬಂದ ಪ್ರತಿ ಸಿನಿಮಾವನ್ನೂ ಎರಡು ಸಲ ನೋಡುವವಳು. ಮೊದಲ ಸಲ ಕಥೆಗೆ, ಎರಡನೇ ಸಲ ಅಳುವುದಕ್ಕೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಈ ಸಲ ಎರಡನೇ ದಿನ ಬಂದಿರಲಿಲ್ಲ. ನಾವಿಬ್ಬರೂ ಬಸ್ಸು ಹತ್ತಿ ಅವಳ ಮನೆಗೆ ಹೋದೆವು. ಮುದುಕಿ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ಹಾಲಿಲ್ಲದ ಚಹಾ ಕೊಟ್ಟಳು.

"ಹಾರೂ ಮನುಷ್ಯ ಸೇರಲಿಲ್ಲೇನ್ರಿ ಆಯಿ?" ಅತ್ತೆ ಕೇಳಿದಳು.

"ಅಂವ ಚಲೋ ಅದಾನ. ಅಂವಗ ನಾ ಏನೂ ಅನ್ನಂಗಿಲ್ಲ."

"ಮತ್ತ ಯಾಕ ಬರಲಿಲ್ಲ?"

ಮುದುಕಿ ಉಣ್ಣೆಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಮಗ, ಸೊಸಿ ಪುಣೆದಾಗ ಅದಾರ ಬಾಯಿ. ಅಂಥಾ ಎತ್ತರದ್ದ ಮನಿ ಕಟ್ಲತ್ತಾರ. ಕೂಸಿನ್ನ ಅಲ್ಲೇ ಮ್ಯಾಲಿನ ಮಾಳಿಗಿದಾಗ ಜೋಳಿಗಿ ಕಟ್ಟಿ ಮಲಗಸ್ತಾರಂತ. ನಿನ್ನ ಸಿನಿಮಾದಾಗ ಅವೆಲ್ಲಾ ಬಿದ್ದವು. ಒಳಗ ಯಾರರ ಅದಾರೇನು ಅಂತ ಆ ಹಾರೂವನೂ ನೋಡಲಿಲ್ಲ, ಯಾರೂ ನೋಡಲಿಲ್ಲ. ಕಡೀಕ ಅಂವಗ ಹಾರ ಹಾಕಿದ್ರು, ಮುಗೀತು. ನನಗ ಮನಿಗಿ ಬಂದ ಮ್ಯಾಲ ರೊಟ್ಟಿ ಇಳೀಲಿಲ್ಲ."

ಅತ್ತೆ ಮುದುಕಿಯ ಜೊತೆ ಉಣ್ಣೆ ಬಿಡಿಸುತ್ತ ಕೂತಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ, "ಬೀದರದಾಗ ನಾವು ಸೀಟಿ ಹೊಡದ್ವಿ ಪೋರಿ. ನಮ್ಮ ಮಂದಿ ಯಾರೂ ಆ ಮನಿಯೊಳಗ ಇರಲಿಲ್ಲ, ಅದಕ" ಎಂದಳು.

ಬಾಡಿಗೆಗೆ ತಂದ ರೀಲಿನಲ್ಲಿ ಆ ಭಾಗ ಕತ್ತರಿಸುವ ಹಾಗಿರಲಿಲ್ಲ. ಸಂಜೆಯ ಆಟಕ್ಕೆ ಬರುವಂತೆ ಅತ್ತೆ ಮುದುಕಿಗೆ ಕೈಹಿಡಿದು ಹೇಳಿ ಬಂದಿದ್ದಳು. ಮುದುಕಿ ಮೂರ್ನಾಲ್ಕು ನೆರೆಯವರನ್ನೂ ಕರೆತಂದಳು. ಪರದೆಯ ಮೇಲೆ ರಾಕ್ಷಸ ಇಳಿದ, ಮೊದಲ ಕಟ್ಟಡಕ್ಕೆ ಕೈಯೆತ್ತಿದ. ಅಷ್ಟರಲ್ಲಿ ಮೈಕಿನಲ್ಲಿ ಅತ್ತೆಯ ದನಿ ಕೇಳಿಸಿತು.

"ಯಾರೂ ಅಂಜಬ್ಯಾಡ್ರಿ. ಆ ಮನಿಗಳು ಖಾಲಿ ಅದಾವ. ಇವತ್ತ ಐತವಾರ. ಕೆಲಸ ಸೂಟಿ. ನಮ್ಮ ಮಂದಿ ಎಲ್ಲಾ ಸಂತಿಗಿ ಹೋಗ್ಯಾರ."

ಕತ್ತಲಲ್ಲಿ ಮುದುಕಿಯ ದನಿ: "ಕೂಸುಗಳೋ?"

"ಕೂಸುಗಳನ್ನೂ ಕರ್ಕೊಂಡ ಹೋಗ್ಯಾರ್ರಿ ಆಯಿ. ಬತ್ತಾಸ ತಿನ್ಲತ್ತಾವ."

ಯಾರೋ ನಕ್ಕರು. ಇನ್ನೊಬ್ಬ ಹೆಂಗಸು, "ಆ ಮೂಲಿ ಮನಿಯಾಗ ದೀಪ ಉರೀಲತ್ತದಲ್ಲ ಬಾಯಿ" ಎಂದಳು. ಅತ್ತೆ ತಡವರಿಸಲಿಲ್ಲ. "ಅದು ಕಾಂಟ್ರಾಕ್ಟರನ ಮನಿ. ಅಂವ ದೀಪ ಆರಸೂದು ಮರತು ಊರಿಗಿ ಹೋಗ್ಯಾನ. ಬೀಳ್ಲಿ ಬಿಡ್ರಿ." ಮೂಲೆಯ ಕಟ್ಟಡ ಬಿದ್ದಾಗ ಔರಾದದ ತಂಬಿನಲ್ಲಿ ಮೊದಲ ಚಪ್ಪಾಳೆ ಬಿತ್ತು. ಮಾಮಾ ಮಶೀನಿನ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನದಿಂದ ಮಂದಿ ಸಿನಿಮಾ ನೋಡುವುದಕ್ಕಿಂತ ಅತ್ತೆಯ ಮಾತು ಕೇಳುವುದಕ್ಕೇ ಬಂದರು. ಎತ್ತಿನಗಾಡಿ ಕಟ್ಟಿಕೊಂಡು ಬಂದರು. ಅತ್ತೆ ದಿನಕ್ಕೊಂದು ಹೊಸದು ಸೇರಿಸಿದಳು. ಹಾರುವವನಿಗೆ ಹಳ್ಳಿಯಲ್ಲಿ ಒಬ್ಬ ತಾಯಿಯನ್ನು ಕೊಟ್ಟಳು. ಅವನು ಅಷ್ಟು ಜೋರಾಗಿ ಹಾರುವುದು ತಾಯಿ ರೊಟ್ಟಿ ಬಡಿದು ಕಾಯುತ್ತಿದ್ದಾಳೆಂದು. ತಂಬಿನ ಹಗ್ಗ ಬಿಚ್ಚುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪುಣೆಯ ತಮ್ಮನಿಗೆ ಮಾಮಾ, ಇಲ್ಲಿ ಕೈತುಂಬ ಕೆಲಸ ಇದೆ ಎಂದು ಹೇಳಿಕಳಿಸಿದ.

ಅತ್ತೆ ಹುರುಪಿನಲ್ಲಿ ಅದೇ ಸಿನಿಮಾವನ್ನು ಭಾಲ್ಕಿಗೆ ಒಯ್ದು, ಅಲ್ಲಿಯೂ ಮೈಕು ಹಿಡಿದಳು. "ಇವತ್ತ ಐತವಾರ" ಎನ್ನುತ್ತಿದ್ದಂತೆ ಹಿಂದಿನಿಂದ ಒಬ್ಬ, "ಬಾಯಿ, ಸುಮ್ಮ ಕೂಡ್ರಿ, ಹೊಡೆದಾಟದ ಆವಾಜ್ ಕೇಳಸವಲ್ದು" ಎಂದು ಕೂಗಿದ. ಭಾಲ್ಕಿಯವರಿಗೆ ಬೇಕಾಗಿದ್ದುದು ಆ ಆವಾಜೇ. ಅತ್ತೆ ಮೈಕು ಆರಿಸಿ, ನನ್ನ ತೊಡೆ ಚಿವುಟಿ ಬಿದ್ದು ಬಿದ್ದು ನಕ್ಕಳು. ತನ್ನ ಸೋಲನ್ನು ಅಷ್ಟು ಖುಷಿಯಿಂದ ನೋಡಿದವರನ್ನು ನಾನು ಬೇರೆ ಕಂಡಿಲ್ಲ.

ಮುಂದಿನ ವರ್ಷ ಮೃಗಶಿರಕ್ಕೇ ಮಳೆ ಹಿಡಿಯಿತು. ಗುಳೆ ಹೋದವರೆಲ್ಲ ಬಿತ್ತನೆಗೆಂದು ಊರಿಗೆ ಬಂದರು. ಸಂತಪುರದ ಮುದುಕಿ ಮಗ, ಸೊಸೆ, ಮೊಮ್ಮಗಳನ್ನು ಮುಂದಿಟ್ಟುಕೊಂಡು ಬಂದು, ಹಾರುವ ಮನುಷ್ಯನನ್ನು ಇವರಿಗೂ ತೋರಿಸಬೇಕೆಂದು ಹಠ ಹಿಡಿದಳು. ಅತ್ತೆ ಆ ಸಿನಿಮಾ ಮತ್ತೆ ತರಿಸಿದಳು. ತಂಬಿನ ತುಂಬ ಪುಣೆ, ಮುಂಬಯಿಯಲ್ಲಿ ಗಾರೆ ಕೆಲಸ ಮಾಡಿ ಬಂದವರು. ರಾಕ್ಷಸ ಇಳಿದ. ಅತ್ತೆ ಎಂದಿನಂತೆ, "ಯಾರೂ ಅಂಜಬ್ಯಾಡ್ರಿ, ಮನಿಗಳು ಖಾಲಿ ಅದಾವ" ಎಂದಳು.

ಮುದುಕಿಯ ಮಗ ಎದ್ದು ನಿಂತ. "ಖಾಲಿ ಎಲ್ಲಿವ್ರಿ ಬಾಯಿ, ನಾವೆಲ್ಲಾ ಅದ್ರಾಗೇ ಇದ್ವಿ. ಆದ್ರ ನಾವು ಕಟ್ಟಿದ್ದು ಹಿಂಗ ಬೀಳಂಗಿಲ್ರಿ. ಇದ್ಯಾವನೋ ಸಿಮೆಂಟ್ ಕದ್ದಾನ."

ತಂಬು ಹಾರಿಹೋಗುವ ಹಾಗೆ ನಗು ಎದ್ದಿತು. ಅಲ್ಲಿಂದ ಮುಂದೆ ಅತ್ತೆಗೆ ಮೈಕು ಬೇಕಾಗಲಿಲ್ಲ. ಒಂದೊಂದು ಕಟ್ಟಡ ಬಿದ್ದಾಗಲೂ ಒಬ್ಬೊಬ್ಬ ಎದ್ದು ತಪ್ಪು ಹಿಡಿದ. ಕಂಬಿ ಸಣ್ಣದಾಯಿತು ಎಂದ ಒಬ್ಬ. ನೀರು ಹೊಡೆದಿಲ್ಲ, ಪಾಯ ಹಸಿ ಇರುವಾಗಲೇ ಮೇಲೆ ಮಾಳಿಗೆ ಏರಿಸಿದ್ದಾರೆ ಎಂದ ಇನ್ನೊಬ್ಬ. ಎಷ್ಟೋ ಅಳುವ ಸಿನಿಮಾಗಳನ್ನು ನೋಡಿ ಕಣ್ಣೊರೆಸಿಕೊಂಡಿದ್ದ ಮುದುಕಿ, ಆವತ್ತು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮೊಮ್ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅತ್ತೆ ಮೈಕನ್ನು ಮಡಿಲಲ್ಲಿಟ್ಟುಕೊಂಡು, ಪರದೆಗೆ ಬೆನ್ನು ಮಾಡಿ, ಬರಿ ಮಂದಿಯನ್ನೇ ನೋಡುತ್ತ ಕೂತಿದ್ದಳು.

ಮನೆಮನೆಗೆ ಟಿವಿ ಬಂದ ಮೇಲೆ ತಂಬು ಮಡಚಿದರು. ಅತ್ತೆ ಅದನ್ನೂ ಹೆಚ್ಚು ಹಚ್ಚಿಕೊಳ್ಳಲಿಲ್ಲ. ಬಟ್ಟೆಯನ್ನು ಕತ್ತರಿಸಿ ಓಣಿಯ ಮದುವೆಗಳಿಗೆ ಚಪ್ಪರ ಮಾಡಿಸಿಕೊಟ್ಟಳು. ನಾನು ಓದು ಮುಗಿಸಿ ಹೈದರಾಬಾದಿನಲ್ಲಿ ಸಿನಿಮಾ ಹಂಚುವ ಒಂದು ಕಂಪನಿ ಸೇರಿದೆ. ಪರದೇಶದ ಇಂಥ ವೀರರ ಸಿನಿಮಾಗಳೇ ನಮ್ಮ ಮುಖ್ಯ ವ್ಯವಹಾರ. ಒಂದೇ ಸಿನಿಮಾ ಅಮೆರಿಕದಲ್ಲಿ ಕುಣಿಯುತ್ತದೆ, ಜಪಾನಿನಲ್ಲಿ ಮಲಗುತ್ತದೆ. ಚೀನಾದಲ್ಲಿ ನೂಕುನುಗ್ಗಲು, ನಮ್ಮಲ್ಲಿ ಚೆನ್ನೈಯಲ್ಲಿ ಒಂದು ಥರ, ಪಟ್ನಾದಲ್ಲಿ ಇನ್ನೊಂದು ಥರ. ಯಾಕೆ ಎಂದು ಕೂತು ಯೋಚಿಸುವುದು ನನ್ನ ಕೆಲಸ. ಹಬ್ಬ ಯಾವುದು, ಪರೀಕ್ಷೆ ಯಾವಾಗ, ಡಬ್ಬಿಂಗ್ ಹೇಗಿದೆ, ಎಲ್ಲವನ್ನೂ ನೋಡುತ್ತೇವೆ. ಅವೂ ನಿಜವೇ.

ಅತ್ತೆ ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಕೆಗೆ ಜಪಾನಿನ ಸುದ್ದಿ ಬಲು ಇಷ್ಟ.

"ಅಲ್ಲಿ ಯಾಕ ಬಿತ್ತು ಪೋರಿ?"

"ಗೊತ್ತಿಲ್ಲ ಅತ್ತಿ."

"ಅಲ್ಲಿ ಮಳಿ ಆಗ್ಯಾದೇನು?"

"ಆಗಿರ್ತದ."

"ಆಗಿರ್ತದ ಅಂದ್ರ? ಯಾರಿಗರ ಕೇಳಿದಿ ಇಲ್ಲೋ?"

ಕೇಳಿರುತ್ತಿರಲಿಲ್ಲ. ಆಮೇಲೆ ಕೇಳತೊಡಗಿದೆ. ಥಿಯೇಟರಿನ ಹೊರಗೆ ನಿಂತು, ಅರ್ಧಕ್ಕೇ ಎದ್ದು ಬಂದವರನ್ನು ಮಾತಾಡಿಸುವುದನ್ನು ನಾನು ನಮ್ಮ ಕಂಪನಿಗೆ ರೂಢಿ ಮಾಡಿಸಿದೆ. ನನ್ನ ನೌಕರಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದರೂ ತಪ್ಪಿಲ್ಲ.

ಅತ್ತೆ ಹೋದದ್ದು ಒಂದು ಒಳ್ಳೆಯ ಮಳೆಗಾಲದಲ್ಲಿ, ಮಧ್ಯಾಹ್ನದ ಊಟ ಮಾಡಿ ಮಲಗಿದವಳು ಏಳಲಿಲ್ಲ. ನಮ್ಮ ಮನೆತನದ ರೂಢಿಯಂತೆ ಬುದ್ಧವಂದನೆ ಮುಗಿದ ಮೇಲೆ, ಅಂಗಳದಲ್ಲಿ ಕೂತ ಮಂದಿ ಅಳುವುದನ್ನು ಬಿಟ್ಟು ಆಕೆಯ ಮೈಕಿನ ಮಾತುಗಳನ್ನು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು. ಮಾಮಾ ಎಲ್ಲರಿಗೂ ತಾನೇ ಚಹಾ ಹಂಚಿದ.

ಮರುದಿನ ಭಾಲ್ಕಿಯಿಂದ ರೈಲು ಹತ್ತಿದೆ. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಮಗಳ ಶಾಲೆಯ ಚೀಲ. ಚೀಲದ ಮೇಲೆ ನಮ್ಮ ಕಂಪನಿ ಹಂಚಿದ ಸಿನಿಮಾದ ವೀರನ ಚಿತ್ರ. ಕಣ್ಣು ಒರೆಸಿಕೊಂಡು ಕೇಳಿದೆ.

"ಈ ಸಿನಿಮಾ ನೋಡೀರೇನ್ರಿ ಬಾಯಿ?"

"ನೋಡೇನ್ರಿ. ನನಗ ಅಷ್ಟು ಸೇರಲಿಲ್ಲ."

"ಯಾಕ ಸೇರಲಿಲ್ರಿ?"

ಆಕೆ ನನ್ನ ಮುಖವನ್ನೊಮ್ಮೆ ನೋಡಿ, ತನ್ನ ಮಗ್ಗುಲಿನ ಗಂಟನ್ನು ಕೆಳಗಿಟ್ಟು ಜಾಗ ಮಾಡಿದಳು. "ಹೇಳ್ತೇನಿ, ಈ ಕಡಿ ಬಂದು ಕೂಡ್ರಿ" ಎಂದಳು.