ಮೇಷ್ಟ್ರ ಕಾರ್ಡಿನ ಹಿಂಬದಿ

ಮೊನ್ನೆ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಗೆ ನನ್ನ ಸಂಶೋಧನಾ ವಿದ್ಯಾರ್ಥಿನಿ ರೂಪಾ ತನ್ನ ಮೊದಲ ಅಧ್ಯಾಯ ತಂದುಕೊಟ್ಟಳು. ಜೆರಾಕ್ಸ್ ಅಂಗಡಿಯ ಬಿಸಿ ಇನ್ನೂ ಆರದ ಹಾಳೆಗಳು. ಎರಡನೆಯ ಪುಟದಲ್ಲೇ, ಹಳೆಯ ಕಾಲದ ಒಬ್ಬ ಫ್ರೆಂಚ್ ಪಂಡಿತನ ಹೆಸರಿನಲ್ಲಿ ಈ ಮಾತಿತ್ತು: ‘ಕೊಳ್ಳುವವರ ಮುಖ ನೋಡದೆ ಬೆಲೆ ಹೇಳುವ ವ್ಯಾಪಾರಿಯಿಲ್ಲ, ಆ ಮುಖ ನೋಡಿದ ಅರ್ಥಶಾಸ್ತ್ರಜ್ಞನೂ ಇಲ್ಲ.’

ನೋಡಿ, ಆ ಪಂಡಿತ ಹಾಗೆ ಹೇಳಿಯೇ ಇಲ್ಲ. ಹೇಳಿದವರು ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ನನ್ನ ಗೈಡು, ನಮ್ಮ ಮೇಷ್ಟ್ರು. ಅದನ್ನು ಫ್ರೆಂಚನ ಬಾಯಿಗೆ ತುರುಕಿದವಳು ನಾನು.

ಮೇಷ್ಟ್ರು ಜೀವಮಾನವಿಡೀ ಅರ್ಥಶಾಸ್ತ್ರ ಚಿಂತನೆಯ ಚರಿತ್ರೆ ಓದಿದರು, ಒಂದು ಪುಸ್ತಕವನ್ನೂ ಬರೆಯಲಿಲ್ಲ. ಹಳಬರ ಮಾತನ್ನು ರಟ್ಟಿನ ಕಾರ್ಡಿನ ಮುಂಬದಿಯಲ್ಲಿ ಇಳಿಸಿಕೊಳ್ಳುವರು. ಹಿಂಬದಿಯಲ್ಲಿ ಆ ಮಾತು ಹೇಳಿದ ಪುಣ್ಯಾತ್ಮನ ಜೊತೆ ತಮ್ಮದೇ ಮಾತಿನ ಜಗಳ. ಜಗಳದ ಸರಕೆಲ್ಲ ವಾರದ ಸಂತೆಯದು. ಬದನೆಕಾಯಿ ಮಾರುವ ತಮಿಳು ಅಜ್ಜಿ ಯಾರಿಗೆ ಎಷ್ಟು ಹೇಳುತ್ತಾಳೆಂದು ಚೀಲ ಹಿಡಿದು ನಿಂತು ನೋಡುವರು. ಮನೆಗೆ ಬದನೆಕಾಯಿ ಬರುವುದು ಮಾತ್ರ ಅನುಮಾನವಾಗಿತ್ತು.

ನಾನೋ ಮಹಾ ಚುರುಕಿನವಳು! ಶಿವಮೊಗ್ಗಕ್ಕೆ ಕಾರ್ಡುಗಳನ್ನು ಹೊತ್ತು ತಂದು, ಪ್ರಬಂಧ ಸಲ್ಲಿಸುವ ಅವಸರದಲ್ಲಿ ಹಿಂಬದಿಯನ್ನು ಮುಂಬದಿಯ ಮುಂದುವರಿಕೆ ಎಂದುಕೊಂಡು ಬರೆದುಬಿಟ್ಟೆ. ಪರೀಕ್ಷಕರು ಆ ವಾಕ್ಯವನ್ನೇ ಹೊಗಳಿದರು. ಡಿಗ್ರಿ ಬಂದ ಮೇಲೆ, ಕಾರ್ಡು ಹಿಂದಿರುಗಿಸಲು ಜೋಡಿಸುವಾಗ ತಪ್ಪು ಕಣ್ಣಿಗೆ ಬಿತ್ತು. ನ್ಯೂ ಟೌನಿಗೆ ಓಡಿದೆ.

“ನಿನ್ನ ಥೀಸಿಸ್‌ಗೆ ಸಹಿ ಹಾಕೋವಾಗ್ಲೇ ನೋಡಿದ್ದೆ ಮಾರಾಯ್ತಿ,” ಎಂದು ಮೇಷ್ಟ್ರು ನಕ್ಕರು. “ನನ್ನ ಹೆಸರಲ್ಲಿ ಹೇಳಿದ್ರೆ ಯಾರು ತಲೆ ಎತ್ತಿ ನೋಡ್ತಿದ್ರು? ಹಂಗೇ ಇರ್ಲಿ ಬಿಡು.”

ಆ ನಗುವನ್ನು ಅನುಮತಿ ಎಂದುಕೊಂಡೆ. ಡಿಗ್ರಿ ಕೈತಪ್ಪೀತೆಂಬ ಹೆದರಿಕೆಯೂ ಇತ್ತು, ಈಗ ಮುಚ್ಚಿಟ್ಟು ಏನು ಫಲ? ಮೇಷ್ಟ್ರು ತೀರಿಕೊಂಡರು, ನಾನು ಪ್ರೊಫೆಸರಾದೆ. ಅವರ ಮಾತು ಫ್ರೆಂಚನ ಹೆಸರಿನಲ್ಲೇ ಸೆಮಿನಾರುಗಳನ್ನು ಸುತ್ತಿತು. ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು, ಬಾಯಿ ಮಾತ್ರ ಬಿಡಲಿಲ್ಲ.

“ಇದು ನಿಮ್ಮ ಥೀಸಿಸ್‌ನಿಂದ್ಲೇ ತಗೊಂಡಿದ್ದು ಮೇಡಂ,” ಎಂದು ರೂಪಾ ಹೆಮ್ಮೆಯಿಂದ ಹೇಳಿದಳು.

ನಾನು ಫ್ರೆಂಚನ ಹೆಸರು ಹೊಡೆದುಹಾಕಿ ಮೇಷ್ಟ್ರ ಹೆಸರು ಬರೆದೆ.

“ಇವ್ರು ಯಾರು ಮೇಡಂ? ಯಾವ ಪುಸ್ತಕದಲ್ಲಿ ಹೇಳಿದಾರೆ?”

“ನನ್ನ ಮೇಷ್ಟ್ರು. ಪುಸ್ತಕ ಬರೀಲಿಲ್ಲ. ನನ್ನ ಥೀಸಿಸ್‌ನಲ್ಲಿ ತಪ್ಪಾಗಿದೆ ಅಂತ ಅಡಿಟಿಪ್ಪಣಿ ಹಾಕು.”

ರೂಪಾ ಪೆನ್ನು ಹಿಡಿದವಳು ತಡೆದಳು. “ನಿಮ್ಮ ಹೆಸ್ರು ಹಾಕೇ ಬರೀಲಾ?”

“ಹಾಕೇ ಬರಿ,” ಎಂದೆ. “ಪುಟದ ನಂಬರ್ ನಾನೇ ಹೇಳ್ತೀನಿ.”