ಮುಕ್ಕಾದ ಕತ್ತಿಗಳು

ಅಣ್ಣ ಕಬ್ಬಿಣದ ಸರಳು ಹಿಡಿದು ಅಪ್ಪನ ಕ್ಷೌರದಂಗಡಿಗೆ ನುಗ್ಗಿದಾಗ ಮೂಗಿ ಹಿಂದಿನ ಕೋಣೆಯಲ್ಲಿ ಟವೆಲ್ ಹಿಂಡುತ್ತಿದ್ದಳು. ಅವಳಿಗೆ ಮಾತು ಬಾರದೆ ಬಂದ ಹೆಸರಲ್ಲ ಅದು. ಎದುರುತ್ತರ ಕೊಟ್ಟರೆ ಏಟು ಬೀಳುವ ಮನೆಯಲ್ಲಿ ಹುಟ್ಟಿ, ಬಾಯಿ ಬಿಡುವುದನ್ನೇ ಬಿಟ್ಟಿದ್ದಳು. ಓಣಿಯವರು ಹಾಗೆ ಕರೆದರು, ಮನೆಯವರೂ ರೂಢಿ ಮಾಡಿಕೊಂಡರು.

“ಅಂಗಡಿ ನನ್ನ ಹೆಸರಿಗೆ ಬರ್ಕೊಡ್ತೀಯೋ ಇಲ್ವೋ?”

“ನಾನು ಸತ್ತ ಮೇಲೆ ಬಾ” ಎಂದ ಅಪ್ಪ, ಗಿರಾಕಿಯ ಗಲ್ಲದಿಂದ ಕಣ್ಣೆತ್ತದೆ.

ಮೊದಲು ಕನ್ನಡಿ ಹೋಯಿತು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ನೊರೆ ಸಮೇತ ಬೀದಿಗೆ ಓಡಿದ. ಎರಡನೆಯ ಏಟು ಅಪ್ಪನ ಬಲಗೈ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಮೂಗಿಗೆ ಒಳಗೇ ಕೇಳಿಸಿತು. ಅಷ್ಟಕ್ಕೂ ಸಿಟ್ಟು ಇಳಿಯದೆ ಅಣ್ಣ ಡ್ರಾಯರ್ ಕಿತ್ತು, ಅಪ್ಪ ಜೀವಮಾನವೆಲ್ಲ ಜೋಪಾನ ಮಾಡಿದ್ದ ಕ್ಷೌರದ ಕತ್ತಿಗಳನ್ನು ಕಲ್ಲಿನ ಹೊಸ್ತಿಲ ಮೇಲೆ ಸುರಿದು ಒಂದೊಂದನ್ನೂ ಜಜ್ಜಿದ. ಹಿಡಿಗಳು ಚೂರಾದವು, ಅಲಗುಗಳ ಬಾಯಿ ಮುಕ್ಕಾಯಿತು, ಕೆಲವು ನಡುವೆಯೇ ತುಂಡಾದವು.

ಅಪ್ಪನ ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಆ ಕೈಯಲ್ಲಿ ಚಮಚ ಹಿಡಿಯುವುದೂ ಕಷ್ಟವಾಯಿತು. ಆದರೂ ಮುರಿದ ಕತ್ತಿಗಳ ಡಬ್ಬಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು, “ಒಂದನ್ನಾದರೂ ಎಸೆದೀಯ, ಜೋಕೆ” ಎಂದು ಮಗಳಿಗೆ ಗದರುತ್ತಿದ್ದ.

ಎಸೆಯುವ ಯೋಚನೆ ಅವಳಿಗೂ ಇರಲಿಲ್ಲ. ಅವಳು ಚಪ್ಪಲಿ ಕಾರ್ಖಾನೆಯಲ್ಲಿ ತೊಗಲು ಕತ್ತರಿಸುವವಳು. ಒಳ್ಳೆಯ ಉಕ್ಕು ಕಂಡರೆ ಗುರುತಿಸುತ್ತಿದ್ದಳು. ಒಂದು ದಿನ ಕಡಿಮೆ ಮುಕ್ಕಾದ ಕತ್ತಿಯೊಂದನ್ನು ಕಾರ್ಖಾನೆಗೆ ಒಯ್ದು ಸಾಣೆಯ ಚಕ್ರಕ್ಕೆ ಕೊಟ್ಟಳು. ಕಿಡಿ ಹಾರಿತು, ಬಾಯಿ ಚಕಚಕ ಹೊಳೆಯಿತು. ಆಯ್ತಲ್ಲ, ಇಷ್ಟೇ ತಾನೇ ಅಂದುಕೊಂಡಳು. ಅಷ್ಟರಲ್ಲಿ ಅಂಚು ನೀಲಿಗೆ ತಿರುಗಿತು. ಇನ್ನಷ್ಟು ಒತ್ತಿದಳು. ಅಲಗು ಚಟ್ಟನೆ ಸಿಡಿದು ಚೂರೊಂದು ಕಣ್ಣ ಕೆಳಗೆ ನೆಟ್ಟುಕೊಂಡಿತು.

ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದವಳನ್ನು ಅಪ್ಪ ನೋಡಿದ. ಅವಳ ಮುಖವನ್ನಲ್ಲ, ಕತ್ತಿಯನ್ನು.

“ಉಕ್ಕಿನ ಹದ ಸುಟ್ಟುಬಿಟ್ಯಲ್ಲೇ, ಕತ್ತೆ! ಇಷ್ಟು ತೆಳು ಅಲಗನ್ನ ಚಕ್ರಕ್ಕೆ ಕೊಡ್ತಾರಾ ಯಾರಾದ್ರೂ? ಕಲ್ಲಿನ ಮೇಲೆ ನೀರು ಹಾಕ್ಕೊಂಡು ಉಜ್ಜಬೇಕು. ತಾಳ್ಮೆ ಬೇಕು ಕಣೇ.”

“ನಿಂಗಿತ್ತಾ ತಾಳ್ಮೆ? ಕತ್ತಿ ಮಸೆಯೋ ಆ ಚಕ್ಕಳದ ಪಟ್ಟಿ ಕತ್ತಿಗಿಂತ ನಮ್ಮ ಬೆನ್ನಿಗೇ ಜಾಸ್ತಿ ಬಿದ್ದಿದ್ದು.”

ಮೂಗಿ ಅಷ್ಟುದ್ದ ಮಾತಾಡಿದ್ದನ್ನು ಅಪ್ಪ ಎಂದೂ ಕೇಳಿರಲಿಲ್ಲ. ಮುರಿದ ಕತ್ತಿಗಳ ಡಬ್ಬಿಯನ್ನು ಅವಳತ್ತ ತಳ್ಳಿದ. ಆಮೇಲೆ, “ಕಲ್ಲು ಮಂಚದ ಕೆಳಗಿದೆ, ತಗೊಂಡು ಬಾ” ಎಂದ.

ಅಂದಿನಿಂದ ಅಪ್ಪ ಬಾಯಲ್ಲಿ ಹೇಳಿದ್ದನ್ನು ಅವಳು ಕೈಯಲ್ಲಿ ಕಲಿತಳು. ಎಣ್ಣೆ ಹಚ್ಚಿ ಉಪ್ಪುಕಾಗದದಿಂದ ತುಕ್ಕು ತೆಗೆದಳು. ಅಲಗಿನ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಮಲಗಿಸಿ ಎಳೆಯುವುದನ್ನು ಅಭ್ಯಾಸ ಮಾಡಿದಳು. ಎಡಗೈ ಬೆರಳುಗಳಲ್ಲಿ ಗಾಯವಿಲ್ಲದ ಜಾಗ ಉಳಿಯಲಿಲ್ಲ. ಅಲಗು ಎಳೆಯುವಾಗೆಲ್ಲ ಅವಳ ಕಣ್ಣ ಮುಂದೆ ಅಣ್ಣನ ಕೊರಳಿರುತ್ತಿತ್ತು. ಹಾಗೆ ನೆನೆಯುವುದು ಹಿತವಾಗಿತ್ತು. ಹಿತವಾಗಿದೆಯಲ್ಲ ಎಂದು ಆಮೇಲೆ ಅವಳಿಗೇ ಮೈ ಜುಮ್ಮೆಂದಿತು.

ತುಂಡಾದವು ಮತ್ತೆ ಕ್ಷೌರಕ್ಕೆ ಬರುವಂತಿರಲಿಲ್ಲ. ಅಂಥದೊಂದರ ಮುರಿದ ತುದಿಯನ್ನು ಓರೆಯಾಗಿ ತಿದ್ದಿ, ಹಿಡಿ ಚೂರಾಗಿ ಉಳಿದ ಅಲಗಿನ ಬಾಲಕ್ಕೆ ದಾರ ಬಿಗಿದು ಸುತ್ತಿ, ತೊಗಲಿನ ಅಂಚು ಹೆರೆಯುವ ಪುಟ್ಟ ಕತ್ತಿ ಮಾಡಿದಳು. ಕಾರ್ಖಾನೆಯ ಮೇಸ್ತ್ರಿ ಒಂದು ಅಟ್ಟೆಯ ಅಂಚನ್ನು ಹೆರೆದು ನೋಡಿ, “ಬೆಣ್ಣೆ ಕಣಮ್ಮ ಇದು! ನಂಗೂ ಒಂದು ಮಾಡ್ಕೊಡು” ಎಂದ. ಆಮೇಲೆ ಉಳಿದವರೂ ಕೇಳತೊಡಗಿದರು.

ಒಂದು ರಜೆಯ ಮಧ್ಯಾಹ್ನ ಅಪ್ಪನ ಮುಂದೆ ಅವಳು ಅಂಗಡಿಯಲ್ಲಿ ಕತ್ತಿ ಮಸೆಯುತ್ತಿದ್ದಾಗ ಅಣ್ಣ ಮತ್ತೆ ಬಂದ. ಅಂಗಡಿ ಬರೆದುಕೊಡೆಂದು ಅಪ್ಪನ ಕೊರಳಪಟ್ಟಿ ಹಿಡಿದು ಕುರ್ಚಿಯಿಂದ ಎಳೆದ. ಅಡ್ಡ ಬಂದ ಮೂಗಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಅವಳ ಮುಖವನ್ನು ಕೈತೊಳೆಯುವ ತೊಟ್ಟಿಗೆ ಅಪ್ಪಳಿಸಿದ. ಹಲ್ಲೊಂದು ಮುರಿದು ನಾಲಗೆಯ ಮೇಲೆ ಬಿತ್ತು. ಎರಡನೆಯ ಸಲ ಅಪ್ಪಳಿಸುವಷ್ಟರಲ್ಲಿ ಅವಳ ಕೈಗೆ ಕಲ್ಲಿನ ಪಕ್ಕದ ಪುಟ್ಟ ಕತ್ತಿ ಸಿಕ್ಕಿತ್ತು. ಜಡೆ ಹಿಡಿದಿದ್ದ ಮುಂಗೈ ಮೇಲೆ ಒಮ್ಮೆ ಎಳೆದಳು. ತೊಗಲು ಹೆರೆದಷ್ಟೇ ಸಲೀಸು.

ರಕ್ತ ಗೋಡೆಗೆ ಚಿಮ್ಮಿತು. ಅಣ್ಣ ಕುಸಿದ.

“ಕೊಂದೆಯಲ್ಲೇ ನನ್ನ ಮಗನ್ನ!” ಎಂದು ಅಪ್ಪ ಕಿರುಚಿದ.

ಆ ಮಾತು ತೊಟ್ಟಿಯ ಏಟಿಗಿಂತ ಜೋರಾಗಿ ತಾಗಿತು. ಆದರೂ ಅವಳೇ ಟವೆಲ್ ಹರಿದು ಅಣ್ಣನ ತೋಳಿಗೆ ಬಿಗಿದು ಕಟ್ಟಿದಳು. ಪಕ್ಕದ ಅಂಗಡಿಯ ದರ್ಜಿ ಆಟೋ ತಂದ. ಅಣ್ಣನ ಜೀವ ಉಳಿಯಿತು. ಆ ಬಲಗೈಯ ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಪೊಲೀಸರು ಕೇಳಿದಾಗ, “ಕತ್ತಿ ನೋಡ್ತಿದ್ದೆ ಸಾರ್, ಜಾರ್ತು” ಎಂದ. ತಂಗಿಯ ಕೈಲಿ ಕೊಯ್ಸಿಕೊಂಡೆ ಎನ್ನಲು ಮೀಸೆ ಅಡ್ಡ ಬಂತು.

ಮೂಗಿ ಕಲ್ಲನ್ನು ಮತ್ತೆ ಮಂಚದ ಕೆಳಗೆ ತಳ್ಳಿದಳು. ಮಳೆಗಾಲ ಕಳೆಯುವವರೆಗೆ ಅವಳು ಯಾವ ಅಲಗನ್ನೂ ಮಸೆಯಲಿಲ್ಲ. ಅಪ್ಪನೂ ಅವಳೂ ಒಂದೇ ಒಲೆಯ ಊಟವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರು.

ಒಂದು ಬೆಳಿಗ್ಗೆ ಅತ್ತಿಗೆ ಬಟ್ಟೆಯ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

“ಈಗ ಎಡಗೈಲಿ ಹೊಡೀತಾರೆ” ಎಂದಳು. “ಅಭ್ಯಾಸ ಇಲ್ವಲ್ಲ, ಎಲ್ಲೆಲ್ಲೋ ಬೀಳುತ್ತೆ.”

ಮೂಗಿ ಅಪ್ಪನತ್ತ ತಿರುಗಿದಳು. ಮಗನ ಪಕ್ಷ ವಹಿಸುತ್ತಾನೆಂದು ಹಲ್ಲು ಕಚ್ಚಿ ಕಾದಳು. ಅಪ್ಪ ಎದ್ದು, ಸೊಸೆಯ ಗಂಟನ್ನು ಸೊಟ್ಟ ಕೈಗೆ ಸಿಕ್ಕಿಸಿಕೊಂಡು ಒಳಗೆ ಹೋದ.

ಈಗ ನಾದಿನಿ ಅತ್ತಿಗೆ ಇಬ್ಬರೂ ಅಂಗಡಿಯಲ್ಲಿ ಕೂರುತ್ತಾರೆ. ಊರಿನ ಕ್ಷೌರಿಕರು ಹಾಳಾದ ಕತ್ತಿಗಳನ್ನು ತಂದು ಕೊಡುತ್ತಾರೆ. ಮೂಗಿ ತಿದ್ದುತ್ತಾಳೆ, ಅತ್ತಿಗೆ ದಾರ ಸುತ್ತುತ್ತಾಳೆ. ಅಣ್ಣ ಆಗಾಗ ಎದುರಿನ ಕಟ್ಟೆಯ ಮೇಲೆ ನಿಂತು ಬಾಯಿಗೆ ಬಂದಂತೆ ಬೈಯುತ್ತಾನೆ. ಒಮ್ಮೆ ಕಲ್ಲನ್ನೂ ತೂರಿದ. ಅವನನ್ನು ಕಂಡಾಗೆಲ್ಲ ಅತ್ತಿಗೆ ಬೆಚ್ಚಿ ಬಾಗಿಲು ಹಾಕಲು ಓಡುತ್ತಾಳೆ.

“ತೆಗ್ದೇ ಇರ್ಲಿ ಅತ್ತಿಗೆ. ಬೆಳಕು ಬೇಕು” ಎನ್ನುತ್ತಾಳೆ ಮೂಗಿ.